ಹಿನ್ನೀರಿಗೆ ಚೆಲ್ಲಿದ ಚರಗ

ಪೂಜ್ಯ ಗುರುಪಾದ ಅಪ್ಪಗಳ ಮಠವೆಂದರೆ ತಗಡಿನ ಎರಡು ಕೋಣೆ, ಮುಂದೊಂದು ಬೇವಿನ ಗಿಡ, ಅಷ್ಟೇ. ಕೃಷ್ಣೆಯ ಹಿನ್ನೀರಿನಲ್ಲಿ ಸಂಗಳಗಿ ಊರು ಮುಳುಗಿದಾಗ ಅಲ್ಲಿನ ಕಲ್ಲಿನ ಮಠವೂ ಮುಳುಗಿತ್ತು. ಬೇರೆ ಊರಿನ ಭಕ್ತರು ದೊಡ್ಡ ಮಠ ಕಟ್ಟಿಸುತ್ತೇವೆಂದು ಕರೆದರೂ ಅಪ್ಪಗಳು ಹೋಗಲಿಲ್ಲ. ಗುಡ್ಡದ ಮೇಲಿನ ಹೊಸ ಊರಿಗೆ ತಮ್ಮ ಜನರ ಜೊತೆಯಲ್ಲೇ ಬಂದು ನೆಲೆಸಿದರು.

ಒಂದು ಎಳ್ಳಮಾವಾಸ್ಯೆಯ ಮುಂಜಾನೆ ಮಲಕಾಜಪ್ಪನೆಂಬವನು ಮುಖ ಗಂಟಿಕ್ಕಿಕೊಂಡು ಮಠಕ್ಕೆ ಬಂದ. ಹೊಲ ಮುಳುಗಿದ ಮೇಲೆ ಅವನು ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಮೊದಲ ತುತ್ತನ್ನು ಭೂಮಿತಾಯಿಗೆ ಚರಗ ಚೆಲ್ಲಿ ಆಮೇಲೆ ಉಣ್ಣುವ ಹಬ್ಬ ಅವನ ಮನೆಯಲ್ಲಿ ನಿಂತೇಹೋಗಿತ್ತು. ಊರೇ ಹೋದ ಮೇಲೆ ಆ ಊಟ ಯಾಕೆ ಎಂಬುದು ಅವನ ಮಾತು. ಆದರೆ ಚರಗ ಅಂದರೇನು ಎಂದು ಮೊಮ್ಮಗಳು ಕೇಳಿದ್ದು ಅವನ ತಾಯಿ ದುಂಡವ್ವನ ಎದೆಗೆ ನಾಟಿತ್ತು. ಮುದುಕಿ ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಪುಂಡಿಪಲ್ಯ ಮಾಡಿ ಬುಟ್ಟಿ ಕಟ್ಟಿ, ಹೊಲಕ್ಕೆ ಹೋಗೋಣವೆಂದು ಹಟ ಹಿಡಿದಿದ್ದಳು. ನೋಡಿದವರು ನಕ್ಕಾರು, ಅವಳಿಗೆ ನೀವೇ ಬುದ್ಧಿ ಹೇಳಬೇಕೆಂದು ಅವನು ಕೈ ಮುಗಿದ.

ಅಪ್ಪಗಳು ಬುದ್ಧಿ ಹೇಳಲಿಲ್ಲ. ಚರಗ ಚೆಲ್ಲುವಾಗ ಹಾಕುವ ಕೂಗನ್ನು ಯಾರಿಂದ ಕಲಿತೆ ಎಂದು ಕೇಳಿದರು. ತಂದೆಯಿಂದ ಎಂದ ಮಲಕಾಜಪ್ಪ. ತಂದೆ ಜೋಳದ ಸಾಲಿನಲ್ಲಿ ಚರಗ ಚೆಲ್ಲುತ್ತ ಕೂಗುತ್ತಿದ್ದುದು, ತಾನು ತಂಬಿಗೆ ಹಿಡಿದು ಹಿಂದಿನಿಂದ ಓಗೊಡುತ್ತಿದ್ದುದು, ಎತ್ತುಗಳ ಕೊರಳಗಂಟೆ, ಬುಟ್ಟಿ ಬಿಚ್ಚಿದಾಗಿನ ಘಮ, ಎಲ್ಲವನ್ನೂ ಹೇಳುತ್ತ ಹೋದವನು ತಟ್ಟನೆ ನಿಲ್ಲಿಸಿದ.

"ಹೊಲಾನ ಇಲ್ಲ. ಚರಗ ಯಾರಿಗೆ ಚೆಲ್ಲೂದ್ರೀ ಅಪ್ಪಾರ?"

"ಭೂಮಿತಾಯಿ ನೀರಾಗ ಅದಾಳಪ್ಪಾ, ಸತ್ತಿಲ್ಲ. ಇಷ್ಟ ವರ್ಷದಿಂದ ಹಸದಾಳ."

ಇಷ್ಟೇ ಹೇಳಿ ಅಪ್ಪಗಳು ಅವನ ಮನೆಯ ಕಡೆ ನಡೆದರು. ದುಂಡವ್ವ ಬೇಡ ಬೇಡವೆಂದರೂ ಬುಟ್ಟಿಯನ್ನು ತಾವೇ ತಲೆಯ ಮೇಲೆ ಹೊತ್ತು ಗುಡ್ಡ ಇಳಿದರು. ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಮಲಕಾಜಪ್ಪ ಹಿಂದೆ ಬಂದ. ಹಿನ್ನೀರಿನ ದಂಡೆಯಲ್ಲಿ ಅಪ್ಪಗಳು ಕಾವಿಯನ್ನು ಮೇಲೆತ್ತಿ ಕಟ್ಟಿ ನೀರಿಗಿಳಿದು ನಿಂತರು. ದುಂಡವ್ವ ಚರಗ ಚೆಲ್ಲಿದಳು. ರೊಟ್ಟಿಯ ಚೂರುಗಳು ಸ್ವಲ್ಪ ತೇಲಿ ಮುಳುಗಿದವು.

ಮಲಕಾಜಪ್ಪನಿಗೆ ಕೂಗು ಅಂದರು ಅಪ್ಪಗಳು. ಅವನು ಯಾರಾದರೂ ನೋಡುತ್ತಿದ್ದಾರೇನೋ ಎಂದು ಗುಡ್ಡದ ಕಡೆ ತಿರುಗಿ ನೋಡಿದ. ಅವರು ಅವಸರ ಮಾಡದೆ ನೀರಿನಲ್ಲೇ ನಿಂತರು. ಕೊನೆಗೆ ಮಲಕಾಜಪ್ಪ ಕಣ್ಣು ಮುಚ್ಚಿ ಕೂಗಿದ. ಆ ದನಿ ಕೇಳಿದ್ದೇ ದುಂಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದು ಅವಳ ಗಂಡನ ದನಿಯಂತೆಯೇ ಇತ್ತು. ಅಷ್ಟರಲ್ಲಿ ಗುಡ್ಡದ ಮೇಲಿಂದ ಯಾರೋ ಓಗೊಟ್ಟರು, ಆಮೇಲೆ ಇನ್ನೊಬ್ಬರು. ನಕ್ಕಾರೆಂದು ಅವನು ಅಂಜಿದ್ದ ಸಂಗಳಗಿಯ ಜನ, ಅಪ್ಪಗಳು ಬುಟ್ಟಿ ಹೊತ್ತು ಇಳಿದದ್ದನ್ನು ಕಂಡು, ಮನೆಯಲ್ಲಿದ್ದ ರೊಟ್ಟಿ ಬುತ್ತಿಗಳನ್ನೇ ಕಟ್ಟಿಕೊಂಡು ಇಳಿದು ಬರುತ್ತಿದ್ದರು.

ಅಪ್ಪಗಳು ದಂಡೆಯ ಮೇಲೆ ಎಲ್ಲರ ನಡುವೆ ಕುಳಿತು ಪ್ರಸಾದ ಸ್ವೀಕರಿಸಿದರು. ಮಲಕಾಜಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿನತ್ತ ಬೆರಳು ಮಾಡಿ, ಅಲ್ಲಿ ಬನ್ನಿ ಗಿಡ, ಅದರಾಚೆ ಬಾವಿ, ಅದು ನಿನ್ನ ಮುತ್ತ್ಯಾ, ನನ್ನಪ್ಪ, ಉತ್ತ ಸಾಲು ಎಂದು ತೋರಿಸುತ್ತಿದ್ದ. ನೀರು ಬಿಟ್ಟರೆ ಮತ್ತೇನೂ ಕಾಣದಿದ್ದರೂ ಹುಡುಗಿ ಎಲ್ಲದಕ್ಕೂ ಹೂಂ ಅನ್ನುತ್ತಿತ್ತು.