ಕೊಳದ ಕಪ್ಪು ಹುಳ ಯಾಕೆ ಸುತ್ತುತ್ತದೆ

ಲೋಕ ಆಗಿನ್ನೂ ಹೊಸದು. ಹಳ್ಳಗಳಿಗೆ ತಮ್ಮ ದಾರಿ ಬಾಯಿಪಾಠವಾಗಿರಲಿಲ್ಲ. ಹುಳ, ಗಾಳಿ, ನೀರು ಎಲ್ಲವೂ ಮಾತಾಡುತ್ತಿದ್ದವು. ಕೇಳಿಸಿಕೊಳ್ಳುವವರು ಮಾತ್ರ ಆಗಲೂ ಕಡಿಮೆಯೇ.

ಒಂದು ಬೆಟ್ಟದ ಗುಹೆಯಲ್ಲಿ ಖೇಮ ಎಂಬ ಹಿರಿಯ ಭಿಕ್ಖು ಇದ್ದರು. ಅವರ ಬಳಿ ಕಲಿಯಲು ಬಂದ ಮರಿಭಿಕ್ಖುಗಳಲ್ಲಿ ಒಂಬತ್ತು ವರ್ಷದ ರೇವತನೂ ಒಬ್ಬ. ವಾರಕ್ಕೊಂದು ಬೆಳಗ್ಗೆ ಖೇಮರು ಹುಡುಗರನ್ನು ಕಾಡಿಗೆ ಕರೆದೊಯ್ಯುತ್ತಿದ್ದರು. ಪಾಠ ಒಂದೇ: ಹೆಜ್ಜೆ ಇಟ್ಟಾಗ ಹೆಜ್ಜೆ ಇಟ್ಟೆ ಎಂದು ತಿಳಿ. ನೀರು ಕುಡಿದಾಗ ನೀರು ಕುಡಿದೆ ಎಂದು ತಿಳಿ.

"ಅದೂ ಒಂದು ಪಾಠವೇ ಭಂತೆ? ನೀರು ಕುಡಿದದ್ದು ಯಾರಿಗೆ ಗೊತ್ತಾಗಲ್ಲ?" ಎಂದು ರೇವತ ಕೇಳಿದ.

"ನೋಡೋಣ," ಎಂದರು ಖೇಮರು, ಅಷ್ಟೇ.

ಭಿಕ್ಖುಗಳು ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವಂತಿಲ್ಲ. ಬಟ್ಟೆಯಲ್ಲಿ ಹುಳ ಉಳಿದರೆ, ಅದು ಯಾವ ನೀರಿನಿಂದ ಬಂತೋ ಆ ನೀರಿಗೇ ಬಿಡಬೇಕು. ಹತ್ತಿರವಿದೆ ಎಂದು ಇನ್ನೊಂದು ನೀರಿಗೆ ಬಿಡುವುದು ತಪ್ಪು.

ಬೆಟ್ಟದ ಕಾಡುದಾರಿಯ ಎಡಕ್ಕೊಂದು, ಬಲಕ್ಕೊಂದು ಹಳ್ಳವಿತ್ತು. ಅವತ್ತು ರೇವತ ಎಡದ ಹಳ್ಳದಲ್ಲಿ ಸೋಸಿ ಕುಡಿದ. ಬಲದ ಹಳ್ಳದಲ್ಲೂ ಸೋಸಿ ಕುಡಿದ. ಎರಡು ಸಲವೂ ಬಟ್ಟೆಯನ್ನು ನೋಡದೆ ಹೆಗಲಿಗೆ ಹಾಕಿಕೊಂಡ. ಅವನ ಗಮನವೆಲ್ಲ ಮರದ ಮೇಲಿನ ಕೋತಿಮರಿಯ ಮೇಲಿತ್ತು. ಕೊನೆಗೆ ಬೆಟ್ಟದ ಬುಡದ ಕೊಳಕ್ಕೆ ಬಂದು ಬಟ್ಟೆ ಜಾಲಿಸಿದ. ಟಪ್! ಉದ್ದಿನಕಾಳಿನಷ್ಟು ದೊಡ್ಡ ಕಪ್ಪು ಹುಳವೊಂದು ನೀರಿಗೆ ಬಿತ್ತು.

"ಈ ನೀರು ಯಾವ ಕಡೆ ಹರಿಯುತ್ತೆ?" ಎಂದಿತು ಹುಳ.

"ನಾನು ಹರಿಯಲ್ಲಪ್ಪ, ಕೂತಿರ್ತೀನಿ," ಎಂದಿತು ಕೊಳ.

"ನೀರು ಅಂದ್ಮೇಲೆ ಹರೀಬೇಕಲ್ಲ!" ಹುಳ ಅತ್ತ ಹೋಯಿತು, ಇತ್ತ ಬಂತು, ಗಿರ್ರನೆ ಒಂದು ಸುತ್ತು ಹಾಕಿತು. "ಹುಡುಗಾ, ನನ್ನ ನೀರು ಯಾವುದು? ನಮ್ಮವರೆಲ್ಲ ಅಲ್ಲಿದ್ದಾರೆ."

ರೇವತ ಬೆಟ್ಟದ ಕಡೆ ತಿರುಗಿ ನೋಡಿದ. ಎಡದ್ದೋ? ಬಲದ್ದೋ?

"ಕುಡಿದದ್ದು ಯಾರಿಗೆ ಗೊತ್ತಾಗಲ್ಲ ಅಂದೋನು ನೀನೇ ಅಲ್ವೇನೋ?" ಎಂದು ಜೊತೆಯ ಹುಡುಗ ತಿಸ್ಸ ಕಿಸಕ್ಕೆಂದ.

ರೇವತ ಹುಳವನ್ನು ಬೊಗಸೆ ನೀರಿನಲ್ಲಿ ಎತ್ತಿಕೊಂಡು ಬೆಟ್ಟ ಹತ್ತಿದ.

"ಇದು ನಿನ್ನದಾ?" ಎಂದು ಎಡದ ಹಳ್ಳವನ್ನು ಕೇಳಿದ.

"ಇರಬಹುದು. ನಾನು ಹಿಂದೆ ತಿರುಗಿ ನೋಡೋಳಲ್ಲ."

"ನಿನ್ನದಾ?" ಎಂದು ಬಲದ ಹಳ್ಳವನ್ನು ಕೇಳಿದ.

"ನನ್ನದೇ. ಅಲ್ವೇನೋ. ನನ್ನದೇ ಇರಬೇಕು."

ಗಾಳಿ ನಡುವೆ ಬಾಯಿ ಹಾಕಿತು. "ನಾನು ಕಣ್ಣಾರೆ ನೋಡಿದೆ! ಎಡದಲ್ಲಿ... ತಡಿ, ಬಲದಲ್ಲಿ... ಎಲ್ಲರದೂ ಬೋಳುತಲೆ. ಯಾರು ನೀನು, ಯಾರು ಅವನು, ನಾನೇನು ಹೇಳಲಿ?"

"ನಿನಗೇ ಗೊತ್ತಿಲ್ಲವಾ?" ರೇವತ ಹುಳವನ್ನೇ ಕೇಳಿದ.

"ಎರಡೂ ಒಂದೇ ಥರ ಕಾಣ್ತವೆ. ಬಟ್ಟೆಯೊಳಗೆ ಕತ್ತಲೆ ಇತ್ತು. ದಾರಿ ನೋಡಬೇಕಾದವನು ನೀನು."

ರೇವತ ಗುರುಗಳ ಬಳಿಗೆ ಓಡಿದ. "ಭಂತೆ, ಯಾವುದಾದರೂ ಒಂದು ಹಳ್ಳಕ್ಕೆ ಬಿಟ್ಟುಬಿಡಲಾ?"

"ಗೊತ್ತಿದ್ದು ಬಿಡ್ತೀಯೋ, ಗೊತ್ತಿಲ್ಲದೆ ಬಿಡ್ತೀಯೋ?"

"ಗೊತ್ತಿಲ್ಲದೆ."

"ಆ ತಪ್ಪು ಬೆಳಗ್ಗೆ ಒಂದು ಸಲ ಮಾಡಿದ್ದಾಯಿತು."

"ಹಾಗಾದರೆ ಏನು ಮಾಡಲಿ?"

"ಹುಳಕ್ಕೆ ನಿಜ ಹೇಳು."

ರೇವತ ಹುಳವನ್ನು ಮತ್ತೆ ಕೊಳಕ್ಕೆ ಬಿಟ್ಟು ಮಂಡಿಯೂರಿದ. "ನನಗೆ ಗೊತ್ತಿಲ್ಲ. ನಾನು ನೋಡಲಿಲ್ಲ. ನೆನಪಾದ ದಿನ ಬಂದು ಹೇಳ್ತೀನಿ."

"ಸರಿ, ಕಾಯ್ತೀನಿ," ಎಂದಿತು ಹುಳ. ಆದರೆ ಕಾಯುವುದು ಹೇಗೆ? ಹುಡುಗ ಬರುವುದನ್ನು ಮೇಲೆ ನೋಡಬೇಕು. ನೀರು ಹರಿಯತೊಡಗಿತೇ ಎಂದು ಕೆಳಗೂ ನೋಡಬೇಕು. ಅತ್ತ ನೋಡಿ ಇತ್ತ ನೋಡಿ ಅದರ ಒಂದೊಂದು ಕಣ್ಣೂ ಎರಡು ಹೋಳಾಯಿತು. ಮೇಲಿನದು ಆಕಾಶಕ್ಕೆ, ಕೆಳಗಿನದು ನೀರಿಗೆ. ಹರಿಯುವ ದಿಕ್ಕು ಹುಡುಕುತ್ತ ಅದು ಸುತ್ತುತ್ತಲೇ ಇತ್ತು.

ರೇವತ ದಿನಾ ಬೆಳಗ್ಗೆ ಕೊಳದ ದಂಡೆಗೆ ಬಂದು ಕೂತ. ಎಡದ್ದೋ? ಬಲದ್ದೋ? ಕೋತಿಮರಿಯ ಬಾಲ ಕೂಡ ನೆನಪಾಯಿತು, ಹಳ್ಳ ನೆನಪಾಗಲಿಲ್ಲ. ನೋಡದೇ ಇದ್ದದ್ದು ನೆನಪಾಗುವುದಾದರೂ ಹೇಗೆ? ಅವನ ಹುಬ್ಬು ನರೆಯಿತು. ಅಷ್ಟು ವರ್ಷ ಬಟ್ಟೆ ಬಿಡಿಸಿ ನೋಡದೆ ಅವನು ಒಂದು ಗುಟುಕೂ ಕುಡಿಯಲಿಲ್ಲ. ಹುಳಕ್ಕೆ ಉತ್ತರ ಮಾತ್ರ ಸಿಗಲಿಲ್ಲ.

ಅದಕ್ಕೇ ಮಕ್ಕಳೇ, ನಿಂತ ನೀರಿನ ಮೇಲೆ ಆ ಕಪ್ಪು ಹುಳಗಳು ಇವತ್ತಿಗೂ ಗಿರಗಿರನೆ ಸುತ್ತುತ್ತವೆ. ನೀವು ದಂಡೆಯಲ್ಲಿ ಬಗ್ಗಿದರೆ ಇನ್ನೂ ಜೋರಾಗಿ ಸುತ್ತುತ್ತವೆ, ಹೇಳಲು ಬಂದವರು ನೀವೇ ಇರಬಹುದೆಂದು.