ಹಾಡದ ಕ್ಯಾಸೆಟ್ಟಿಗೆ ಎರಡು ಪೆಟ್ಟು

ಆಗ ನಮ್ಮ ಹಿರೇಬೇವೂರು ಸ್ಟೇಶನ್ನಿನ ಮುಂದೆ ಇದ್ದದ್ದು ಒಂದೇ ಒಂದು ಟಾಂಗಾ. ನಂದು. ಎರಡನೇದು ಇತ್ತು ಅನ್ನೋವನು ಇದ್ದರೆ ಎದುರಿಗೆ ಬಂದು ಹೇಳಲಿ. ಒಂದು ದಿನ ರೈಲುಗಾಡಿ ಕೆಟ್ಟು ನಿಂತಾಗ ನಾಲ್ಕು ರಾಕ್ ಬ್ಯಾಂಡುಗಳ ನಾಲ್ಕು ಹುಲಿಗಳು ನನ್ನ ಟಾಂಗಾ ಹತ್ತಿದರು. ಹುಬ್ಬಳ್ಳಿಯ ಗಿಟಾರಿನವ, ಧಾರವಾಡದ ಹಾಡೋನು, ಕಾರವಾರದ ಕೀಬೋರ್ಡಿನವ, ಮತ್ತೆ ನಮ್ಮೂರಿನವನೇ ಆದ ಡ್ರಮ್ಮಿನ ದ್ಯಾಮಣ್ಣ. ಒಬ್ಬರ ಮುಖ ಒಬ್ಬರು ನೋಡವಲ್ಲರು. ನಾನೇ ಹಿಂದಕ್ಕೆ ತಿರುಗಿ, "ಏನ್ರಪಾ, ನನ್ನ ಕುದುರಿ ನಿಮ್ಮ ನಾಲ್ಕೂ ಮಂದೀನ ಒಮ್ಮೆಗೇ ಎಳೀತೈತಿ, ನಿಮಗ ಕೂಡಿ ಒಂದು ಹಾಡು ಎಳ್ಯಾಕ ಆಗೂದಿಲ್ಲೇನು?" ಅಂದೆ. ಅಲ್ಲೇ ಕೈ ಕೈ ಹಿಡಿದರು. 'ನಾಲ್ಕು ಗುಡುಗು' ಅಂತ ಹೆಸರಿಟ್ಟದ್ದೂ ನಾನೇ. ಗಾಡಿ ಮುಟ್ಟೋಕಿಂತ ಒಂದು ತಾಸು ಮೊದಲೇ ಹುಬ್ಬಳ್ಳಿ ಮುಟ್ಟಿಸಿದ್ದೂ ನಾನೇ. ಸುಳ್ಳು ಅಂತೀರಾ? ಹೋಗಿ ಕೇಳಿ. ಆ ನಾಲ್ವರೂ ಈಗಿಲ್ಲ. ಕುದುರೆಯೂ ಇಲ್ಲ.

ಇರಲಿ. ಕತೆ ನಂದಲ್ಲ, ಫಕೀರವ್ವಂದು.

ಫಕೀರವ್ವ ದ್ಯಾಮಣ್ಣನ ಅಕ್ಕ. ಸ್ಟೇಶನ್ನಿನ ಬೇಲಿಗೆ ಆತುಕೊಂಡೇ ಅವಳ ಚಹಾ ಅಂಗಡಿ. ಅವಳಿಗೆ ಒಬ್ಬನೇ ಮಗ, ಗೂಳ್ಯಾ. ಎರಡು ಬಗಲಿಗೆ ಎರಡು ಸಕ್ಕರೆ ಚೀಲ ಇರುಕಿಕೊಂಡು ಓಡುವ ಆಳು. ತಲೆ ಮಾತ್ರ ಆ ಚೀಲದಷ್ಟೂ ಓಡುತ್ತಿರಲಿಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. "ಹಾಲು ಉಕ್ಕೂದನ್ನ ನೋಡಲೇ" ಅಂದರೆ, ಹಾಲು ಉಕ್ಕಿ ಒಲೆ ಆರುವ ತನಕ ನೋಡುತ್ತ ನಿಂತು, "ನೋಡಿದೆ ಅವ್ವಾ, ಚಂದ ಉಕ್ಕಿತು" ಅನ್ನುವವನು.

ಅಕ್ಕ ತಮ್ಮನಿಗೆ ಹನ್ನೊಂದು ವರ್ಷದಿಂದ ಮಾತಿಲ್ಲ. ಅವರವ್ವ ಸತ್ತ ದಿನ ದ್ಯಾಮಣ್ಣ ಎಲ್ಲೋ ಡ್ರಮ್ಮು ಬಾರಿಸುತ್ತಿದ್ದ. ಮಣ್ಣಾದ ಮೇಲೆ ಬಂದ. "ಬಡಕೋತ ಅಲ್ಲೇ ಇರು, ನನ್ನ ಬಾಗಿಲಿಗೆ ಬರಬ್ಯಾಡ" ಅಂದಿದ್ದಳು ಫಕೀರವ್ವ. ಅವನು ಬರಲಿಲ್ಲ. ಇವಳು ಕರೆಯಲಿಲ್ಲ. ಈಗ ಹನ್ನೊಂದು ವರ್ಷದ ಮೇಲೆ ಒಂದು ಕಾರ್ಡು ಬಂತು. ಪೋಸ್ಟಿನವನು ಓದಿ ಹೇಳಿದ.

"ಅಕ್ಕಾ, ನಮ್ಮ ನಾಲ್ವರ ಹೊಸ ಕ್ಯಾಸೆಟ್ ಸೋಮವಾರ ಬರತೈತಿ. ಕಡೀ ಹಾಡು ಅವ್ವನ ಬೀಸೂ ಪದ. ನಾನ ಹಾಡೀನಿ. ಅದರ ಮುಂದಿನ ರವಿವಾರ ಹತ್ತರ ಗಾಡಿಗೆ ಮದ್ರಾಸಿಗೆ ಹೊಂಟೀವಿ. ಪದ ಕೆಟ್ಟಿಲ್ಲ ಅಂತ ಅನಿಸಿದ್ರ ಪ್ಲಾಟ್‌ಫಾರ್ಮಿಗೆ ಬಾ, ಇಳೀತೀನಿ. ನೀ ಕಾಣಲಿಲ್ಲಂದ್ರ ಹಂಗ ಮುಂದ ಹೊಕ್ಕೀನಿ. ಮತ್ತ ಕಾರ್ಡ್ ಬರಿಯೂದಿಲ್ಲ."

ಅವತ್ತಿನಿಂದ ಫಕೀರವ್ವನ ಎದೆಯಲ್ಲಿ ಬೀಸುಕಲ್ಲು ತಿರುಗತೊಡಗಿತು. ಅವ್ವನ ಪದವನ್ನು ಕುಣಿಯೋ ಹಾಡು ಮಾಡಿಬಿಟ್ಟಿದ್ದರೆ? ಹಾಗಾದರೆ ಹೋಗೋದು ಹೇಗೆ? ಮಾಡಿರದೇ ಇದ್ದರೆ? ಆಗ ಹೋಗದೇ ಇರೋದು ಹೇಗೆ? ಚಹಾಕ್ಕೆ ಉಪ್ಪು ಹಾಕಿದಳು. ಗಿರಾಕಿಗಳು ಕುಡಿದು ಸುಮ್ಮನಾದರು, ಯಾಕೆಂದರೆ ಊರಿಗೆ ಊರೇ ಅದೇ ಕ್ಯಾಸೆಟ್ಟಿನ ಧ್ಯಾನದಲ್ಲಿತ್ತು. ಕಾಲೇಜು ಹುಡುಗರು ಕೂದಲು ಕತ್ತರಿಸಿಕೊಳ್ಳುವುದನ್ನೇ ಬಿಟ್ಟಿದ್ದರು.

ಸೋಮವಾರ ಬಂತು. ಅಂಗಡಿ ಬಿಟ್ಟು ಏಳುವ ಹಾಗಿಲ್ಲ.

"ಗೂಳ್ಯಾ, ದಾವಲಸಾಬನ ಅಂಗಡಿಗೆ ಹೋಗು. ಮಾವನ ಕ್ಯಾಸೆಟ್ ಬಂದೈತೇನು ನೋಡಿಕೊಂಡು ಬಾ."

"ಹೂನವ್ವಾ."

ಗೂಳ್ಯಾ ಹೋದ. ಹೋದ ಅಂದರೆ ಹೋದ. ಬಂದ ಅಂದರೆ ಬಂದ.

"ಬಂದೈತೇನಲೇ?"

"ಬಂದೈತವ್ವಾ! ಐವತ್ತು ಬಂದಾವು!"

"ಎಲ್ಲೈತಿ? ಕೊಡು!"

"ಅಂಗಡ್ಯಾಗೈತಿ. ನೋಡಿಕೊಂಡು ಬಾ ಅಂದಿ, ನೋಡಿಕೊಂಡು ಬಂದೆ!"

ಫಕೀರವ್ವ ಹಣೆ ಹಣೆ ಬಡಿದುಕೊಂಡಳು. ಅಷ್ಟು ಹೊತ್ತಿಗೆ ಐವತ್ತೂ ಖಾಲಿ. ಇನ್ನು ಬುಧವಾರದ ಪಾರ್ಸಲ್ ಗಾಡಿಗೇ.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಮ್ಮದು ಅನ್ನೂದು ಕಣ್ಣಿಗೆ ಬಿತ್ತಂದ್ರ ಗಪ್ಪನ ಹಿಡೀಬೇಕು! ಹಿಡಿದು ಓಡಿ ಬರಬೇಕು! ಹಿಂದಕ್ಕ ಸೈತ ನೋಡಬಾರದು!"

"ಹೂನವ್ವಾ."

ಬುಧವಾರ ಬಂತು. ಗೂಳ್ಯಾ ಹೋದ. ಹೋದ ಅಂದರೆ ಹೋದ. ದಾವಲಸಾಬ ಹೊಸ ಪೋಸ್ಟರನ್ನು ಅಂಗಡಿಯ ಹಲಗೆ ಬಾಗಿಲಿಗೆ ಅಂಟಿಸಿ ಗೋಂದಿನ ಕೈ ಒರೆಸಿಕೊಳ್ಳುತ್ತಿದ್ದ. ಪೋಸ್ಟರಿನಲ್ಲಿ ನಾಲ್ಕು ಗುಡುಗುಗಳು. ನಾಲ್ಕನೆಯವನು ದ್ಯಾಮಣ್ಣ.

"ನಮ್ಮ ಮಾವ!" ಅಂದ ಗೂಳ್ಯಾ. ಗಪ್ಪನೆ ಹಿಡಿದ. ಎಳೆದ. ಗೋಂದು ಗಟ್ಟಿ ಇತ್ತು, ಪೋಸ್ಟರು ಬರಲಿಲ್ಲ. ಗೂಳ್ಯಾನೂ ಗಟ್ಟಿ ಇದ್ದ, ಬಾಗಿಲೇ ಬಂತು. ಬಾಗಿಲು ತಲೆ ಮೇಲೆ ಹೊತ್ತು ಓಡಿದ.

"ಏ ಗೂಳ್ಯಾ! ನನ್ನ ಬಾಗಲಾ! ಹಿಂದಕ್ಕ ನೋಡಲೇ!"

"ಹಿಂದಕ್ಕ ನೋಡಬಾರದು ಅಂದಾಳು ಅವ್ವ!"

ಊರ ನಾಯಿಗಳೆಲ್ಲ ಬೆನ್ನು ಹತ್ತಿದವು. ಚಹಾ ಅಂಗಡಿಯ ಮುಂದೆ ಬಾಗಿಲು ಇಳಿಸಿ, "ತಗೋ ಅವ್ವಾ, ಮಾವನ್ನ ತಂದೆ!" ಅಂದ.

ಫಕೀರವ್ವ ಪೋಸ್ಟರಿನ ತಮ್ಮನನ್ನು ನೋಡಿದಳು. ಕಿವಿಯ ಹತ್ತಿರ ಕೂದಲು ನರೆತಿತ್ತು. ಒಂದು ಗಳಿಗೆ ಬೈಯುವುದೇ ಮರೆಯಿತು. ಆಮೇಲೆ ನೆನಪಾಯಿತು.

"ಕ್ಯಾಸೆಟ್ ಎಲ್ಲೋ ಖೋಡಿ!"

ದಾವಲಸಾಬ ಏದುಸಿರು ಬಿಡುತ್ತ ಬಂದ. "ಫಕೀರವ್ವಾ, ಬಾಗಿಲಿಲ್ಲದ ಅಂಗಡಿ ಅಂತ ಹುಡುಗರು ನುಗ್ಗಿ ಎಲ್ಲಾ ಒಯ್ದರು! ನಿನ್ನ ಮಗ ಇನ್ನೊಮ್ಮೆ ಬಂದ್ರ ನಾ ಅಂಗಡೀನ ಮುಚ್ಚತೀನಿ!"

"ಮುಚ್ಚಾಕ ಬಾಗಲಾ ಇಲ್ಲಿ ಐತಲ್ಲ ಕಾಕಾ" ಅಂದ ಗೂಳ್ಯಾ.

ಅವ್ವ ಒಂದು ಬುಟ್ಟಿ ಮಿರ್ಚಿ ಭಜಿ ಕೊಟ್ಟು ಕೈಮುಗಿದಳು. ಶುಕ್ರವಾರ ಒಂದು ಪ್ರತಿ ತೆಗೆದಿಡುತ್ತೇನೆ ಅಂತ ದಾವಲಸಾಬ ಒಪ್ಪಿದ.

"ಇನ್ನ ಮ್ಯಾಲ ಕೇಳದ ಏನೂ ತರಬ್ಯಾಡ! ಯಾವುದ ಇರಲಿ, 'ಇದು ನಿಮ್ಮದೇನ್ರೀ?' ಅಂತ ಮರ್ಯಾದಿಲೆ ಕೇಳು. ಅವರದಿದ್ರ ಅವರಿಗೇ ಬಿಟ್ಟು ಬಾ!"

"ಹೂನವ್ವಾ."

ಶುಕ್ರವಾರ ಬಂತು. ಗೂಳ್ಯಾ ಹೋದ. ಹೋದ ಅಂದರೆ ಹೋದ. ದಾವಲಸಾಬ ಕ್ಯಾಸೆಟ್ ಕೈಗಿಟ್ಟ.

"ಇದು ನಿಮ್ಮದೇನ್ರೀ?"

"ಇಲ್ಲೀ ತನಕ ನಂದು, ಈಗ ನಿಂದು. ನಡೀ, ನಡೀ!"

ದಾರಿಯಲ್ಲಿ ಕ್ಷೌರದ ಹಡಪದವನು ಸಿಕ್ಕ. "ಇದು ನಿಮ್ಮದೇನ್ರೀ?" "ಅಲ್ಲಪಾ." ಹೂವಿನವಳು ಸಿಕ್ಕಳು. "ಇದು ನಿಮ್ಮದೇನ್ರೀ?" "ನಂದ್ಯಾಕೋ ತಮ್ಮಾ!" ಪೊಲೀಸ್ ಸಿಕ್ಕ. "ಇದು ನಿಮ್ಮದೇನ್ರೀ?" "ಸರೀ ಆಚೆಗೆ!" ಸ್ಟೇಶನ್ನಿನ ಮುಂದೆ ಟಾಂಗಾದ ಮೇಲೆ ಕಾಲು ಚಾಚಿ ಯಾವನೋ ಬೀಡಿ ಸೇದುತ್ತಿದ್ದ. "ಇದು ನಿಮ್ಮದೇನ್ರೀ?"

ಟಾಂಗಾದವನು ಕ್ಯಾಸೆಟ್ ನೋಡಿದ. ಬೀಡಿ ತೆಗೆದ. "ಹೌದಪಾ. ನಂದ."

"ತಗೋರಿ!" ಅಂತ ಕೊಟ್ಟು, ಎರಡೂ ಕೈ ಮುಗಿದು ಬಂದ ಗೂಳ್ಯಾ.

ಇದನ್ನು ಕೇಳಿದ ಫಕೀರವ್ವ ಬೈಯಲೂ ಇಲ್ಲ. ಒಲೆಯ ಮುಂದೆ ಕುಸಿದು ಕೂತಳು. "ಎರಡು ದಿನ ಉಳೀತಲ್ಲೋ ಮಗನ" ಅಂದಳು. ಅವ್ವ ಬೈಯದೇ ಇದ್ದದ್ದು ನೋಡಿ ಗೂಳ್ಯಾನಿಗೆ ಹೆದರಿಕೆಯಾಯಿತು. "ಬೈಯವ್ವಾ, ಬೈದು ಹೇಳು, ಕೇಳತೀನಿ" ಅಂದ.

ಶನಿವಾರ ಅವಳು ಕಣ್ಣೀರು ಒರೆಸಿಕೊಂಡು ದಾವಲಸಾಬನಿಗೆ ಹೇಳಿ ಕಳಿಸಿದಳು. ಅವನು ತನ್ನ ಮನೆಗೆಂದು ಇಟ್ಟುಕೊಂಡಿದ್ದ ಕಡೆಯ ಪ್ರತಿ ಕೊಡಲು ಒಪ್ಪಿದ.

"ಗೂಳ್ಯಾ, ಇದೊಂದ ಉಳದೈತಿ. ಹಡದ ಕೂಸಿನಂಗ ಎದಿಗೆ ಅವಚಿಕೊಂಡು ಬಾ! ಯಾರು ಕೇಳಿದ್ರೂ ಕೊಡಬ್ಯಾಡ! ಕೂಸಿಗೆ ಹೆಂಗ ಮಾಡ್ತಾರ ಹಂಗ ಜ್ವಾಕಿ ಮಾಡು!"

"ಹೂನವ್ವಾ."

ಗೂಳ್ಯಾ ಹೋದ. ಹೋದ ಅಂದರೆ ಹೋದ. ಮಧ್ಯಾಹ್ನವಾಯಿತು, ಬರಲಿಲ್ಲ. ಇಳಿಹೊತ್ತಾಯಿತು, ಬರಲಿಲ್ಲ. ಫಕೀರವ್ವ ಬೇಲಿಗೆ ಬಂದು ನೋಡುವುದು, ಒಲೆಗೆ ಹೋಗುವುದು. ಒಲೆಗೆ ಹೋಗುವುದು, ಬೇಲಿಗೆ ಬಂದು ನೋಡುವುದು. ಹೊತ್ತು ಮುಳುಗುವಾಗ ಗೂಳ್ಯಾ ಬಂದ. ಎದೆಯ ಮೇಲೆ ಬಟ್ಟೆಯ ಸುತ್ತು.

"ಶ್! ಮಲಗೈತಿ" ಅಂದ.

ಬಿಚ್ಚಿ ನೋಡಿದರೆ ಕ್ಯಾಸೆಟ್ ಥಳಥಳ. ಪಕ್ಕದ ಮನೆಯ ಬಾಣಂತಿಯ ಕೂಸಿಗೆ ಮಾಡುವುದನ್ನು ನೋಡಿದ್ದನಲ್ಲ, ಒಂದೂ ಬಿಟ್ಟಿರಲಿಲ್ಲ. ಕೊಬ್ಬರಿ ಎಣ್ಣೆ ತಿಕ್ಕಿದ್ದ. ಗೂಡ್ಸ್ ಗಾಡಿಯ ಇಂಜಿನ್ನಿನಿಂದ ಬಿಸಿನೀರು ಹಿಡಿದು, ಕಾಲು ಚಾಚಿ ಕಾಲ ಮೇಲೆ ಹಾಕಿಕೊಂಡು ಎರೆದಿದ್ದ. ದರ್ಗಾದ ಮುಂದೆ ಲೋಬಾನದ ಹೊಗೆ ಹಾಕಿಸಿದ್ದ. ದೃಷ್ಟಿ ಆಗಬಾರದೆಂದು ಮೂಲೆಗೆ ಕಪ್ಪು ಬೊಟ್ಟು ಇಟ್ಟಿದ್ದ.

"ಒಮ್ಮೆನೂ ಅಳಲಿಲ್ಲವ್ವಾ!"

ಫಕೀರವ್ವ ಅತ್ತಳು. ಅಳುತ್ತಲೇ ರೀಲು ಎಳೆದು ಹಗ್ಗದ ಮೇಲೆ ಹರವಿದಳು, ಸೀರೆಯ ಸೆರಗಿನಿಂದ ಒರೆಸಿದಳು, ಪೆನ್ಸಿಲ್ ಸಿಕ್ಕಿಸಿ ಸುತ್ತಿದಳು. ರವಿವಾರ ಬೆಳಿಗ್ಗೆ ಎಂಟಕ್ಕೆ ಸುತ್ತಿ ಮುಗಿಯಿತು. ಟೇಪ್ ರೆಕಾರ್ಡರಿಗೆ ಹಾಕಿದಳು. ನಾಲ್ಕು ಗುಡುಗುಗಳು ಬಾಯಲ್ಲಿ ನೀರು ತುಂಬಿಕೊಂಡು ಹಾಡಿದವು. ಗಳಗಳ, ಗೊಳಗೊಳ. ಒಂದು ಹಾಡಾಯಿತು. ಏಳಾಯಿತು. ಕಡೆಯದು ಬಂತು. ಡ್ರಮ್ಮು ಮೆಲ್ಲಗೆ, ಬೀಸುಕಲ್ಲಿನ ಹಾಗೆ, ಗರ್ ಗರ್ ಅಂತು. ಫಕೀರವ್ವ ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿದಳು.

"ಬೀಸ..." ಅಂತು. ನಿಂತಿತು.

ಗೂಳ್ಯಾ ಟೇಪ್ ರೆಕಾರ್ಡರಿಗೆ ಎಣ್ಣೆ ಹಚ್ಚಲು ಎದ್ದ.

"ಮುಟ್ಟೀಯಪಾ ಮತ್ತ! ಹಾಡಲಿಲ್ಲಂದ್ರ ಎಣ್ಣಿ ಹಚ್ಚತಾರೇನಲೇ? ಹೊರಗ ತಗೀಬೇಕು! ತಲಿಕೆಳಗ ಮಾಡಬೇಕು! ಬೆನ್ನಿಗೆ ಎರಡು ಬಡೀಬೇಕು! ಆಗ ಹಾಡತೈತಿ! ತಿಳೀತೇನು?"

"ಹೂನವ್ವಾ."

ತೆಗೆದಳು, ತಲೆಕೆಳಗು ಮಾಡಿದಳು, ಬಡಿದಳು. ಹಾಡಲಿಲ್ಲ. ಮತ್ತೆ ತೆಗೆದಳು, ಮತ್ತೆ ಬಡಿದಳು. ಸ್ಟೇಶನ್ನಿನ ಗಂಟೆ ಹೊಡೆಯಿತು. ಹತ್ತರ ಗಾಡಿ ಹಿಂದಿನ ಸ್ಟೇಶನ್ ಬಿಟ್ಟಿತ್ತು.

ಅವಳ ಕಾಲು ಪ್ಲಾಟ್‌ಫಾರ್ಮಿನ ಕಡೆ ಎರಡು ಹೆಜ್ಜೆ ಹೋದವು, ತಿರುಗಿ ಬಂದವು. ಕೇಳದೆ ಹೋಗಲಾರಳು. ಹನ್ನೊಂದು ವರ್ಷದ ಹಟ ಕಾಲಿಗೆ ಸುತ್ತಿಕೊಂಡಿತ್ತು.

"ಗೂಳ್ಯಾ, ಓಡು! ಕಿಟಕ್ಯಾಗ ಮಾವ ಕಾಣತಾನು. ಅವ್ವನ ಪದ ಒಂದ ಸಾಲು ಹಾಡು ಅನ್ನು. ನಾ ಇಲ್ಲೇ ಬೇಲಿ ಹಿಂದ ನಿಂತು ಕೇಳತೀನಿ. ಕೇಳಿ ಬರತೀನಿ."

ಗೂಳ್ಯಾ ಹೋದ. ಹೋದ ಅಂದರೆ ಹೋದ. ಗಾಡಿ ಬಂತು. ಮೂರನೇ ಡಬ್ಬಿಯ ಕಿಟಕಿಯಿಂದ ದ್ಯಾಮಣ್ಣ ಅರ್ಧ ಹೊರಗೆ ಬಗ್ಗಿ ಪ್ಲಾಟ್‌ಫಾರ್ಮಿನ ಒಂದೊಂದೇ ಸೀರೆ ನೋಡುತ್ತಿದ್ದ.

"ಮಾವಾ, ಹಾಡು!"

"ಯಾರು, ಗೂಳ್ಯಾ? ಎಷ್ಟು ಬೆಳದೀಯಲೇ! ನಿಮ್ಮವ್ವ ಎಲ್ಲಿ?"

"ಕ್ಯಾಸೆಟ್ ಹಾಡವಲ್ದು. ನೀ ಹಾಡು!"

"ಅಕ್ಕ ಬಂದಿಲ್ಲೇನು?"

"ಇಲ್ಲ. ಹಾಡು!"

ದ್ಯಾಮಣ್ಣ ತಲೆ ಒಳಕ್ಕೆ ಎಳೆದುಕೊಂಡ. "ಬ್ಯಾಡ ಬಿಡಪಾ. ಬರಲಿಲ್ಲಂದ್ರ ಬ್ಯಾಡ" ಅಂದ. ಮುಖ ಆಚೆಗೆ ತಿರುಗಿಸಿದ. ಇಂಜಿನ್ ಕೂಗಿತು. ಗಾಲಿ ಕದಲಿದವು. ಬೇಲಿಯ ಹಿಂದೆ ಫಕೀರವ್ವ ಕಂಬ ಹಿಡಿದುಕೊಂಡಳು.

ಗೂಳ್ಯಾ ನಿಂತು ಯೋಚಿಸಿದ. ಮಾವ ಹಾಡವಲ್ಲ. ಹಾಡಲಿಲ್ಲಂದ್ರೆ? ಹೊರಗೆ ತೆಗೀಬೇಕು!

ಡಬ್ಬಿಗೆ ಜಿಗಿದ. ಮಾವನ ನಡ ಹಿಡಿದ. ಸಕ್ಕರೆ ಚೀಲ ಇಳಿಸಿದ ಹಾಗೆ ಹೊರಗೆ ತೆಗೆದ. ತಲೆಕೆಳಗು ಮಾಡಿದ. ಬೆನ್ನಿಗೆ ಎರಡು ಬಡಿದ. ಧಪ್! ಧಪ್!

"ಅಯ್ಯಯ್ಯೋ! ಬಿಡಲೇ! ಏನ ಬೇಕಲೇ ನಿನಗ?"

"ಹಾಡು!" ಅಂತ ಮೂರನೇದಕ್ಕೆ ಕೈ ಎತ್ತಿದ.

"ಹಾಡತೀನೋ ಮಾರಾಯಾ, ಹಾಡತೀನಿ!"

ತಲೆಕೆಳಗಾಗಿ, ಕಾಲು ಆಕಾಶಕ್ಕೆ ಮಾಡಿ, ನಾಲ್ಕನೇ ಗುಡುಗು ಹಾಡಿತು.

"ಬೀಸೇನ ಜ್ವಾಳ, ಬಿಡೇನ ದನಿಯ,
ಕೂಸಿದ್ದ ಮನಿಗೆ ಬೆಳಕಾಗಲಿ..."

ಗಾಡಿ ಉಳಿದ ಮೂರು ಗುಡುಗುಗಳನ್ನು ಹೊತ್ತು ಹೊರಟುಹೋಯಿತು. ಫಕೀರವ್ವ ಬೇಲಿ ದಾಟಿದ್ದು ಯಾರೂ ನೋಡಲಿಲ್ಲ. ನೋಡುವಷ್ಟರಲ್ಲಿ ತಮ್ಮನ ಮುಂದೆ ಇದ್ದಳು. ಅವನ ಮುಖ ಕೆಳಗಿತ್ತು, ಅದಕ್ಕೇ ಕೆಳಗೆ ಕೂತಳು.

"ಅಕ್ಕಾ, ಪದ ಕೆಟ್ಟೈತೇನು?"

"ತಲಿಕೆಳಗ ಮಾಡಿದ್ರೂ ಅವ್ವನ ಧಾಟಿ ಬಿಟ್ಟಿಲ್ಲಲ್ಲೋ ತಮ್ಮಾ!" ಅಂದಳು. ಅವನ ನರೆಗೂದಲು ಸವರಿದಳು. ಅಕ್ಕ ಅತ್ತಳು. ತಮ್ಮ ಅತ್ತ, ಅವನ ಕಣ್ಣೀರು ಹಣೆಯ ಕಡೆಗೆ ಹರಿಯಿತು.

ಮಾವನ ಎರಡೂ ಕಾಲು ಹಿಡಿದು ನಿಂತಿದ್ದ ಗೂಳ್ಯಾ ಒಂದಿಷ್ಟು ಕಾದ. ಹಾಡು ನಿಂತಿತ್ತು.

"ಅವ್ವಾ, ಇನ್ನೊಂದ ಮಗ್ಗಲಾ ಹಾಕಲೇನು?" ಅಂದ.

ಕತೆ ಇಷ್ಟೇ. ನನ್ನ ಮುಂದೆ ಕೇಳುತ್ತ ಕೂತಿದ್ದವರೆಲ್ಲ ನಕ್ಕರು. ಮೂಲೆಯಲ್ಲಿ ಕೂತಿದ್ದ ದಾವಲಸಾಬನ ಮೊಮ್ಮಗಳು ಹಸೀನಾ ಮಾತ್ರ ನಗಲಿಲ್ಲ. ಅವಳ ಅಜ್ಜನದೂ ಇದೇ ಗುಣ, ಎಲ್ಲಾ ಲೆಕ್ಕ ಹಾಕಿ ನೋಡುವುದು.

"ಅಜ್ಜಾ, ಸ್ಟೇಶನ್ ಮುಂದ ಒಂದ ಟಾಂಗಾ ಇತ್ತಂದಿ. ನಂದ ಅಂದಿ. ಹಂಗಿದ್ರ ಶುಕ್ರವಾರ ಆ ಕ್ಯಾಸೆಟ್ ಇಸಕೊಂಡಾಂವ ಯಾರು?"

ನಾನು ಭುಜ ಹಾರಿಸಿದೆ.

"ಹುಡುಗ ಅಷ್ಟು ಮರ್ಯಾದಿಲೆ ಕೇಳಿದ. ಅಲ್ಲ ಅಂದಿದ್ರ ಪಾಪ, ಬ್ಯಾಸರಾಗ್ತಿದ್ದ."