ಎದುರಾಳಿಯ ಕೈಗೆ ಕೊಟ್ಟ ಪಿಟೀಲು

“ಗುರುಗಳೇ, ದೊಡ್ಡ ಮನಸ್ಸು ಅಂದರೆ ಏನು?” ಎಂದು ವನಜಾಕ್ಷಿ ಕೇಳಿದಳು.

ಪಿಟೀಲಿನ ಮೇಷ್ಟ್ರು ಮುನಿಶಾಮಯ್ಯನವರು ಗೋಡೆಗೆ ಒರಗಿ ಕೂತರು. “ಸರಿಯಾದವನ ಹತ್ತಿರವೇ ಕೇಳಿದೆ ಬಿಡು. ಐದು ಸಾವಿರ ಜನರ ಎದುರಿಗೆ ಎದುರಾಳಿಯ ಕೈಗೆ ನನ್ನ ಪಿಟೀಲು ಕೊಟ್ಟವನು ನಾನು. ಸಾಕ್ಷಿ ಮಾತ್ರ ಕೇಳಬೇಡ. ಅಲ್ಲಿದ್ದವರೆಲ್ಲ ಹೋಗಿಬಿಟ್ಟರು.”

ಈ ಕತೆಯನ್ನು ವನಜಾಕ್ಷಿ ಹಿಂದೆ ಒಮ್ಮೆ ಕೇಳಿದ್ದಳು. ಆಗ ಜನ ಎರಡು ಸಾವಿರವಿದ್ದರು. ಆಗ ಅವಳಿಗೆ ಶ್ರುತಿ ಕೂಡಿಸಲು ಬರುತ್ತಿರಲಿಲ್ಲ.

ಗುರುಗಳು ಹೇಳತೊಡಗಿದರು.

“ಒಬ್ಬ ಹಾಡುಗಾರನಿದ್ದ. ತುಂಬ ತಗ್ಗು ದನಿ. ಅವನ ಪಕ್ಕದಲ್ಲಿ ನುಡಿಸಬೇಕೆಂದು ಇಬ್ಬರು ಪಿಟೀಲುಗಾರರಿಗೆ ಆಸೆ. ಒಬ್ಬ ನಾನು. ಹಾಡುಗಾರ ಇನ್ನೊಬ್ಬನನ್ನು ಕರೆದ. ನಾನು ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತೆ. ನನ್ನದು ಏರು ಶ್ರುತಿ. ಎಳೆದರೆ ಗಾಜಿನ ಲೋಟ ಬಿರಿಯಬೇಕು. ಯಾರಿಗಾಗಿಯೂ ಇಳಿಸಿದವನಲ್ಲ.

“ಎರಡನೆಯ ಹಾಡಿಗೆ ಆ ಇನ್ನೊಬ್ಬನ ಪಿಟೀಲಿನಲ್ಲಿ ತಂತಿ ಬಿಗಿಯುವ ಬಿರಡೆ ಜಾರಿತು. ತಿರುಗಿಸಿ ಬಿಗಿದ. ಮತ್ತೆ ಜಾರಿತು. ಬಿರಡೆ ಹಿಡಿದು ನಿಲ್ಲಲೆಂದು ಸೀಮೆಸುಣ್ಣ ಉಜ್ಜಿದ. ಎಣ್ಣೆಯ ಮೇಲೆ ಉಜ್ಜಿದ ಹಾಗಾಯಿತು, ತಂತಿ ನೇತುಬಿತ್ತು. ಸಭೆ ನಕ್ಕಿತು. ಅವನ ತಾಯಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಹಾಡುಗಾರ ನನ್ನ ಕಡೆ ನೋಡಿ ‘ಬಾ’ ಎಂದು ಕೈ ಮಾಡಿದ. ಒಂದೇ ನೆಗೆತಕ್ಕೆ ವೇದಿಕೆ ಹತ್ತಿದೆ. ಆ ಪಿಟೀಲುಗಾರನೋ, ‘ನೀನಾದರೂ ಬಂದೆಯಲ್ಲ ಅಣ್ಣ’ ಎಂದು ಎರಡೂ ಕೈ ಚಾಚಿಬಿಟ್ಟ. ಕೊಟ್ಟೆ.

“ಅವನು ಒಂದು ಸಲ ಕಮಾನು ಎಳೆದ. ತಲೆ ಎತ್ತಿ ನನ್ನ ಮುಖ ನೋಡಿದ. ಆಮೇಲೆ ಕಣ್ಣು ಮುಚ್ಚಿ ಮೂರು ಗಂಟೆ ನುಡಿಸಿದ. ಕೊನೆಗೆ ಎದ್ದು ನಿಂತು, ‘ಇವತ್ತು ನನ್ನ ಮಾನ ಉಳಿಸಿದವನು ಇವನು’ ಎಂದ. ಆ ಚಪ್ಪಾಳೆಗೆ ಚಪ್ಪರದ ಸೋಗೆ ಹಾರಿ ಪಕ್ಕದ ಊರಿನಲ್ಲಿ ಬಿತ್ತು!”

ಮುನಿಶಾಮಯ್ಯನವರು ನಕ್ಕು, ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡರು. ಕತೆಯ ಉದ್ದಕ್ಕೂ ಒರೆಸಿಕೊಳ್ಳುತ್ತಲೇ ಇದ್ದರು.

ವನಜಾಕ್ಷಿ ನಗಲಿಲ್ಲ. “ಕೊಟ್ಟ ಕೂಡಲೇ ನುಡಿಸಿದರೇ? ಶ್ರುತಿ ಕೂಡಿಸಿಕೊಳ್ಳಲಿಲ್ಲವೇ?”

“ಯಾಕೆ ಕೂಡಿಸಬೇಕು? ಕೂಡಿಯೇ ಇತ್ತು.”

“ಹಾಡುಗಾರರದು ತಗ್ಗು, ನಿಮ್ಮದು ಏರು. ಇಳಿಸಿದ ತಂತಿ ಹದಕ್ಕೆ ನಿಲ್ಲಲು ಒಂದು ದಿನ ಬೇಕು ಎಂದು ಹೇಳಿಕೊಟ್ಟವರು ನೀವೇ. ಅಂದರೆ ನೀವು ಹಿಂದಿನ ದಿನವೇ ಇಳಿಸಿಟ್ಟಿದ್ದಿರಿ. ಆ ಪಿಟೀಲುಗಾರರ ಬಿರಡೆ ಜಾರುತ್ತದೆ ಎಂದು ನಿಮಗೆ ಆಗಲೇ ಹೇಗೆ ಗೊತ್ತಿತ್ತು, ಗುರುಗಳೇ?”

ಪಂಚೆಯ ಮೇಲೆ ಹೆಬ್ಬೆರಳು ನಿಂತಿತು. ಅವರು ಇಷ್ಟು ಹೊತ್ತೂ ಎಣ್ಣೆ ಅಂಟಿದ ಬೆರಳನ್ನು ಒರೆಸುವ ಹಾಗೆ ಒರೆಸುತ್ತಿದ್ದರೆಂದು ವನಜಾಕ್ಷಿಗೆ ಆಗ ಹೊಳೆಯಿತು. ಕೇಳಬಾರದಿತ್ತು ಎನಿಸಿತು. ತಾನೇ ಕದ್ದು ಸಿಕ್ಕಿಬಿದ್ದವಳಂತೆ ಅವಳು ಮುಖ ತಗ್ಗಿಸಿದಳು.

ಮುನಿಶಾಮಯ್ಯನವರು ಭುಜ ಹಾರಿಸಿದರು.

“ಅವನಿಗೂ ಮೊದಲ ಎಳೆತಕ್ಕೇ ಗೊತ್ತಾಗಿತ್ತು, ಆದರೂ ಸಾಯುವ ತನಕ ಕೇಳಲಿಲ್ಲ, ನೀನು ಕೇಳಿದ್ದು ದೊಡ್ಡ ಮನಸ್ಸಿನ ವಿಷಯ ತಾನೆ?”